ನಮ್ಮ ಮೇಷ್ಟ್ರನ್ನು ದಯವಿಟ್ಟು ಕೆಲಸದಿಂದ ತೆಗೆಯಿರಿ

ಮಾನ್ಯ ಅಧ್ಯಕ್ಷರೇ,

ನಮ್ಮ ಫುಟ್‌ಬಾಲ್ ತಂಡದ ಮ್ಯಾನೇಜರನ್ನು ಕೆಲಸದಿಂದ ತೆಗೆದುಹಾಕಬೇಕೆಂದು ಈ ಮೂಲಕ ತಮ್ಮನ್ನು ಬಹಿರಂಗವಾಗಿ ಬೇಡಿಕೊಳ್ಳುತ್ತಿದ್ದೇನೆ. ಸಾಧ್ಯವಾದರೆ ಇಂದೇ ತೆಗೆಯಿರಿ. ಇಂದು ತಮಗೆ ಯಾವುದಾದರೂ ಉದ್ಘಾಟನೆಯೋ ಸನ್ಮಾನವೋ ಇದ್ದರೆ ನಾಳೆ ಬೆಳಿಗ್ಗೆ ಮೊದಲ ಕೆಲಸವಾಗಿ ಮಾಡಿ. ಪತ್ರಿಕೆಯವರು ಕಾರಣ ಕೇಳಿದರೆ ತಂಡ ಸೋಲುತ್ತಿದೆ ಎಂದು ಹೇಳಿಬಿಡಿ. ತಮ್ಮ ಹೇಳಿಕೆಗಳಲ್ಲಿ ಅಪರೂಪಕ್ಕೆ ಒಂದಾದರೂ ನಿಜವಾದದ್ದು ಇದ್ದಂತಾಗುತ್ತದೆ.

ಇಷ್ಟು ಓದುವಷ್ಟರಲ್ಲಿ ತಮ್ಮ ಮುಖದ ಮೇಲೆ ಸಣ್ಣದೊಂದು ನಗು ಬಂದಿರಬಹುದು. ಅಂತೂ ಜನ ದಾರಿಗೆ ಬಂದರು, ಬೈಗುಳವೆಲ್ಲ ಆ ಮನುಷ್ಯನ ಪಾಲಿಗೆ ಹೋಯಿತು, ತಾನು ಬಚಾವಾದೆ ಎಂದುಕೊಂಡಿರಬಹುದು. ಅವಸರ ಬೇಡಿ. ತಮ್ಮ ಗಾಜಿನ ಕೋಣೆಯ ಕೆಳಗೆ ಪಶ್ಚಿಮ ಗ್ಯಾಲರಿಯ ಮೆತ್ತನೆ ಕುರ್ಚಿಗಳಲ್ಲಿ ಕೂತು ‘ತೊಲಗು, ತೊಲಗು’ ಎಂದು ಕೂಗುವ ಗುಂಪಿನವಳು ನಾನಲ್ಲ. ನಾನು ಎದುರಿನ ಪೂರ್ವ ಗ್ಯಾಲರಿಯವಳು. ನಾವು ಆ ಮನುಷ್ಯನನ್ನು ಮೇಷ್ಟ್ರು ಎಂದು ಕರೆಯುತ್ತೇವೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಮೈದಾನದಲ್ಲಿ ತಪ್ಪು ಮಾಡಿದ ಆಟಗಾರನ ಮೇಲೆ ಅವರು ಯಾವತ್ತೂ ಕಿರುಚಾಡಿಲ್ಲ. ಹತ್ತಿರ ಕರೆದು, ಭುಜದ ಮೇಲೆ ಕೈಯಿಟ್ಟು, ಅವನಿಗೊಬ್ಬನಿಗೇ ಕೇಳುವಂತೆ ಹೇಳುತ್ತಾರೆ. ಅದಕ್ಕೇ ಆ ಹೆಸರು. ಕೆಳದರ್ಜೆಯ ಲೀಗಿನಲ್ಲಿ ಕೊಳೆಯುತ್ತಿದ್ದ ನಮ್ಮನ್ನು ಎತ್ತಿ ಮೇಲಕ್ಕೆ ತಂದು ಕೂರಿಸಿದವರು ಅವರು. ಅವರನ್ನು ನಾವು ಪ್ರೀತಿಸುತ್ತೇವೆ. ಅದಕ್ಕಾಗಿಯೇ ಅವರನ್ನು ತೆಗೆಯಿರಿ ಎಂದು ಕೇಳುತ್ತಿದ್ದೇನೆ.

ನಾನು ಯಾರೆಂದು ಹೇಳಬೇಕು. ಕ್ರೀಡಾಂಗಣದ ಹಿಂದಿನ ರಸ್ತೆಯಲ್ಲಿ ಟೈರ್ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಡ್ರೈವಿಂಗ್ ಸ್ಕೂಲ್ ನನ್ನದು. ತಲೆಯ ಮೇಲೆ ಹಳದಿ ಬೋರ್ಡು ಹೊತ್ತ ಬಿಳಿ ಕಾರೊಂದು ತಮ್ಮ ಉದ್ದನೆಯ ಕಾರಿಗೆ ಅಡ್ಡ ಬಂದು ನಡುರಸ್ತೆಯಲ್ಲಿ ಆಫ್ ಆಗಿ, ತಮ್ಮ ಚಾಲಕರು ಒಂದೇ ಸಮನೆ ಹಾರ್ನ್ ಹೊಡೆದದ್ದು ತಮಗೆ ನೆನಪಿದ್ದರೆ, ಪಕ್ಕದ ಸೀಟಿನಲ್ಲಿ ಕೂತು ತಮಗೆ ಕೈ ಬೀಸಿದವಳು ನಾನೇ. ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ನಮ್ಮ ಅತ್ತೆ ನನಗೆ ಅಡುಗೆಮನೆ ತೋರಿಸುವುದಕ್ಕೂ ಮುಂಚೆ ಗ್ಯಾಲರಿ ತೋರಿಸಿದರು. ನಮ್ಮ ಮಾವ ಈ ಕ್ಲಬ್ಬಿನ ಎಡ ಅಂಚಿನ ರಕ್ಷಣೆಯಲ್ಲಿ ಆಡಿದವರು. ಅವರು ತೀರಿಕೊಂಡ ಮೇಲೆ ಆ ಎಡ ಅಂಚನ್ನು ಕಾಯುವ ಜವಾಬ್ದಾರಿ ತನ್ನದೇ ಎಂಬಂತೆ ಅತ್ತೆ ಅಲ್ಲಿಯೇ ಕೂರುತ್ತಾರೆ. ನನ್ನ ಗಂಡನಿಗೆ ಆಟವೆಂದರೆ ಆಗದು. ಪಂದ್ಯದ ದಿನ ಅವರು ಮನೆಯಲ್ಲಿ ಒಬ್ಬರೇ ಸುಖವಾಗಿ ನಿದ್ದೆ ಮಾಡುತ್ತಾರೆ, ನಾವು ಅತ್ತೆ ಸೊಸೆ ಗ್ಯಾಲರಿಗೆ ಹೋಗುತ್ತೇವೆ. ನಾವಿಬ್ಬರೂ ಒಂದೇ ಅಭಿಪ್ರಾಯ ಇಟ್ಟುಕೊಂಡಿರುವ ಜಾಗ ಈ ಭೂಮಿಯ ಮೇಲೆ ಅದೊಂದೇ.

ಪೂರ್ವ ಗ್ಯಾಲರಿಯ ಒಂದು ಪದ್ಧತಿ ತಮಗೆ ಗೊತ್ತಿರಲಾರದು. ತಾವು ಆ ಕಡೆ ಕಾಲಿಟ್ಟವರಲ್ಲ. ನಮ್ಮಲ್ಲಿ ಕುರ್ಚಿಗಳಿಲ್ಲ, ಉದ್ದನೆಯ ಮರದ ಹಲಗೆಗಳು. ಕ್ಲಬ್ಬಿಗಾಗಿ ಬಹುಕಾಲ ದುಡಿದವರು ಬಿಟ್ಟು ಹೋಗುವಾಗ ತಮ್ಮವರು ಹೊಳೆಯುವ ಫಲಕ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ಹಾಗೆ ಮಾಡುವುದಿಲ್ಲ. ನಾವು ಕೂರುವ ಹಲಗೆಗಳಲ್ಲೇ ಒಂದನ್ನು ಬಿಚ್ಚಿ, ಉಜ್ಜಿ ನಯ ಮಾಡಿ, ಅವರು ಬಂದ ಇಸವಿ ಮತ್ತು ಹೋದ ಇಸವಿಯನ್ನು ಬಣ್ಣದಲ್ಲಿ ಬರೆದು ಕೊಡುತ್ತೇವೆ. ಈ ಕೆಲಸವೆಲ್ಲ ಮೊಳೆ ಮಾವನದು. ಬಾಯಲ್ಲಿ ಸದಾ ಒಂದೆರಡು ಮೊಳೆ ಕಚ್ಚಿಕೊಂಡೇ ಮಾತಾಡುವ ಬಡಗಿ ಅವರು, ನಮಗಿಂತ ಮೇಲಿನ ಸಾಲಿನಲ್ಲಿ ಕೂರುತ್ತಾರೆ. ಹಲಗೆ ಹೋದ ಜಾಗಕ್ಕೆ ನಾವು ಬೇರೆ ಹಾಕುವುದಿಲ್ಲ, ಆ ಸಾಲಿನವರು ಸ್ವಲ್ಪ ಒತ್ತಿಕೊಂಡು ಕೂರುತ್ತೇವೆ. ನಮ್ಮ ಅಡುಗೆಮನೆಯಲ್ಲಿ ಡಬ್ಬಿಗಳು ಕೂತಿರುವುದು ತೀರಿಕೊಂಡ ನಮ್ಮ ಮಾವನ ಹಲಗೆಯ ಮೇಲೆ. ಹಿಂದಿನ ಗೋಲ್‌ಕೀಪರೊಬ್ಬರು ತಮ್ಮ ಹಲಗೆಯ ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತಾರಂತೆ. ಹೇಗೆ ಬಳಸಿಕೊಂಡರೂ ನಮ್ಮದೇನೂ ತಕರಾರಿಲ್ಲ. ಹಲಗೆ ಕೊಟ್ಟೆವೆಂದರೆ ಋಣ ತೀರಿತು ಎಂದರ್ಥ, ನಮ್ಮದೂ ಅವರದೂ. ತೆಗೆದುಕೊಂಡವರು ತಲೆಬಿಸಿಯಿಲ್ಲದೆ ಮನೆಗೆ ಹೋಗಬೇಕು, ಅಷ್ಟೇ ನಿಯಮ.

ಇನ್ನು ಮೇಷ್ಟ್ರ ವಿಷಯ. ಅವರ ಹೆಂಡತಿ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಕೆಲಸ ಬಿಟ್ಟು ಬರುವ ಹಾಗಿಲ್ಲ. ಮೇಷ್ಟ್ರು ಇಲ್ಲಿ ಟೈರ್ ಅಂಗಡಿಯ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಇರುತ್ತಾರೆ: ಒಂದು ಮಂಚ, ಒಂದು ಟಿವಿ, ಕಿಟಕಿಯ ಸರಳಿಗೆ ಒಣಗಲು ಹಾಕಿದ ಟ್ರ್ಯಾಕ್ ಪ್ಯಾಂಟು. ಕೆಳಗೆ ಟೈರಿಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಅವರ ಲೋಟಗಳು ಕುಣಿಯುತ್ತವೆ. ಜೀವನವಿಡೀ ತಂಡದ ಬಸ್ಸಿನಲ್ಲೇ ಓಡಾಡಿದ ಮನುಷ್ಯ ಕಾರು ಕಲಿತಿರಲಿಲ್ಲ. ರಜೆಯ ದಿನ ತಾನೇ ಓಡಿಸಿಕೊಂಡು ಹೆಂಡತಿಯ ಊರಿಗೆ ಹೋಗಿಬರಬೇಕು ಎಂದು ನನ್ನ ಸ್ಕೂಲಿಗೆ ಸೇರಿದರು. ನನ್ನ ವಿದ್ಯಾರ್ಥಿಗಳ ಪೈಕಿ ಇಷ್ಟು ಒಳ್ಳೆಯವರನ್ನೂ ಇಷ್ಟು ದಡ್ಡರನ್ನೂ ನಾನು ಒಟ್ಟಿಗೆ ನೋಡಿರಲಿಲ್ಲ. ಗೇರು, ಕ್ಲಚ್ಚು ಎಲ್ಲ ಸರಿ. ಆದರೆ ನಾಲ್ಕು ರಸ್ತೆ ಕೂಡುವಲ್ಲಿಗೆ ಬಂದರೆ ಮುಗಿಯಿತು. ಎಲ್ಲರಿಗೂ ದಾರಿ ಬಿಡುತ್ತಾ ನಿಂತುಬಿಡುತ್ತಾರೆ. ಸೈಕಲ್ಲಿನವನಿಗೆ, ತಳ್ಳುಗಾಡಿಯವನಿಗೆ, ಕೊನೆಗೆ ಮೂಸುತ್ತಾ ನಿಂತ ನಾಯಿಗೂ.

“ಮೇಷ್ಟ್ರೇ, ಈಗ ನಿಮ್ಮ ಸರದಿ. ಹೊರಡಿ.”

“ಅವ್ರು ಹೋಗ್ಲಿ ಬಿಡಿ ಮೇಡಂ, ಪಾಪ, ಏನೋ ಅರ್ಜೆಂಟಿದೆ ಅನ್ಸುತ್ತೆ.”

“ಎಲ್ರಿಗೂ ಅರ್ಜೆಂಟೇ. ಹೀಗೆ ನಿಂತ್ರೆ ನಾವು ಇಲ್ಲೇ ಮುದುಕ್ರಾಗ್ತೀವಿ.”

ಅವರು ನಗುತ್ತಿದ್ದರು, ಮತ್ತೊಬ್ಬರಿಗೆ ದಾರಿ ಬಿಡುತ್ತಿದ್ದರು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದದ್ದು ಈ ಒಂದೇ ಕಾರಣಕ್ಕೆ. ಇದನ್ನು ತಮಗೆ ಯಾಕೆ ಹೇಳುತ್ತಿದ್ದೇನೆಂದರೆ, ತಾವು ಅವರ ಈ ಗುಣವನ್ನು ನನಗಿಂತ ಮೊದಲೇ ಕಂಡುಕೊಂಡಿದ್ದೀರಿ. ನಾನು ಅದನ್ನು ತಿದ್ದಲು ನೋಡಿದೆ. ತಾವು ಅದರ ಮೇಲೆ ಸವಾರಿ ಮಾಡಿದಿರಿ.

ಕಳೆದ ವರ್ಷ ಒಂದು ದೊಡ್ಡ ಕ್ಲಬ್ಬಿನಿಂದ, ನಮ್ಮಲ್ಲಿಗೆ ಮ್ಯಾನೇಜರಾಗಿ ಬನ್ನಿ ಎಂದು ಅವರಿಗೆ ಕರೆ ಬಂದದ್ದು ನನ್ನ ಕಾರಿನಲ್ಲೇ. ಫೋನು ಡ್ಯಾಶ್‌ಬೋರ್ಡಿನ ಮೇಲೆ ಗುರ್ ಗುರ್ ಎಂದು ತಿರುಗುತ್ತಿತ್ತು. ಓಡಿಸುವಾಗ ಫೋನು ಮುಟ್ಟಬಾರದು ಎಂದು ನಾನು ಗದರಿದೆ. ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನನ್ನ ಅನುಮತಿ ಕೇಳಿ ಆಮೇಲೆ ಎತ್ತಿದರು. ಮಾತಾಡಿ ಮುಗಿಸಿ ಫೋನನ್ನು ಮತ್ತೆ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. ಆ ಕ್ಲಬ್ಬು ಇರುವುದು ಅವರ ಹೆಂಡತಿಯ ಊರಿನಲ್ಲಿ. “ಮನೆಯಿಂದ ನಡ್ಕೊಂಡೇ ಹೋಗ್ಬಹುದು ಮೇಡಂ,” ಎಂದರು. “ಹಾಗಾದ್ರೆ ನನ್ನ ಕ್ಲಾಸಿಗೆ ದುಡ್ಡು ದಂಡ ಅನ್ನಿ,” ಎಂದೆ ನಾನು. ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು.

ಸುದ್ದಿ ಹರಡಲು ಎಷ್ಟು ಹೊತ್ತು? ಮಾರನೆಯ ದಿನ ಊರೆಲ್ಲ ಅದೇ ಮಾತು. ಅವರು ಹೋಗುವುದು ಖಚಿತ ಎಂದು ನಾವು ಪೂರ್ವ ಗ್ಯಾಲರಿಯವರು ತೀರ್ಮಾನ ಮಾಡಿಬಿಟ್ಟೆವು. ಯಾರು ತಾನೇ ಹೋಗುವುದಿಲ್ಲ? ಮೊಳೆ ಮಾವ ಹಲಗೆ ಬಿಚ್ಚಿ ಮನೆಗೆ ಒಯ್ದರು. ಎರಡು ಇಸವಿಗಳನ್ನೂ ನೀಲಿ ಬಣ್ಣದಲ್ಲಿ ಬರೆದು ಒಣಗಲು ಇಟ್ಟರು. ಇಷ್ಟೆಲ್ಲ ಸಿದ್ಧ ಮಾಡಿಕೊಂಡವರು ಕಳಿಸಿಕೊಡುವ ಮನಸ್ಸನ್ನೂ ಸಿದ್ಧ ಮಾಡಿಕೊಳ್ಳಬೇಕಿತ್ತು. ಅದು ಆಗಲಿಲ್ಲ. ಅಭ್ಯಾಸ ಮುಗಿಯುವ ಹೊತ್ತಿಗೆ ಜನ ಗೇಟಿನ ಹತ್ತಿರ ಸೇರಿ ಹಾಡಲು ಶುರು ಮಾಡಿದರು, ಕೆಲವರು ಅತ್ತರು. ಮೇಷ್ಟ್ರು ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಾಗ ನಮ್ಮ ಅತ್ತೆ ಎಲ್ಲರನ್ನೂ ಸರಿಸಿ ಮುಂದೆ ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು.

“ಹೋಗ್ತೀರಂತಲ್ಲ ಮೇಷ್ಟ್ರೇ. ಹೋಗಿ, ಬೇಡ ಅನ್ನೋಕೆ ನಾನ್ಯಾರು? ಆದ್ರೆ ನನ್ನ ಮುಖ ನೋಡಿ ಹೋಗ್ತೀನಿ ಅಂತ ಒಂದ್ಮಾತು ಹೇಳಿ ಹೋಗಿ.”

ಅವರು ಅತ್ತೆಯ ಮುಖ ನೋಡಿದರು. “ಎಲ್ಲಿಗೂ ಹೋಗಲ್ಲಮ್ಮಾ,” ಎಂದುಬಿಟ್ಟರು. ಗೇಟಿನ ಹತ್ತಿರ ಎದ್ದ ಕೂಗು ತಮ್ಮ ಕಚೇರಿಯವರೆಗೂ ಕೇಳಿಸಿರಬೇಕು. ಯಾಕೆಂದರೆ ತಾವು ಮಾರನೆಯ ದಿನವೇ ಪತ್ರಿಕಾಗೋಷ್ಠಿ ಕರೆದಿರಿ. ಅವರ ಹೆಗಲ ಮೇಲೆ ಕೈ ಹಾಕಿಕೊಂಡು, ಕ್ಯಾಮೆರಾ ಕಡೆ ನೋಡಿಕೊಂಡು, “ಇವರು ನಮ್ಮನ್ನು ಬಿಡಲಿಲ್ಲ, ನಾವೂ ಇವರ ತಂಡವನ್ನು ಒಡೆಯುವುದಿಲ್ಲ, ಒಬ್ಬ ಆಟಗಾರನನ್ನೂ ಮಾರುವುದಿಲ್ಲ,” ಎಂದಿರಿ. ನಾನು ಟಿವಿಯ ಮುಂದೆ ಚಪ್ಪಾಳೆ ತಟ್ಟಿದೆ. ಅತ್ತೆ ನೆರೆಮನೆಯವರಿಗೆಲ್ಲ ಸಿಹಿ ಹಂಚಿದರು. ನಿದ್ದೆಯಲ್ಲಿದ್ದ ನನ್ನ ಗಂಡನನ್ನೂ ಎಬ್ಬಿಸಿ ಬಾಯಿಗೆ ತುರುಕಿದರು.

ಉಳಿದದ್ದು ಹಲಗೆಯ ಸಮಸ್ಯೆ. ಹೋದ ಇಸವಿ ಬರೆದಾಗಿದೆ, ಮನುಷ್ಯ ಹೋಗಿಲ್ಲ. ನಮ್ಮ ಗ್ಯಾಲರಿಯಲ್ಲಿ ಹಿಂದೆಂದೂ ಹೀಗಾಗಿರಲಿಲ್ಲ. ಮೇಷ್ಟ್ರಿಗೆ ಗೊತ್ತಾಗಿ ಅವರೇ ಮೆಟ್ಟಿಲು ಹತ್ತಿ ಬಂದರು. ಖಾಲಿ ಜಾಗ ನೋಡಿ, “ನನ್ನನ್ನ ಕಳಿಸೋಕೆ ಇಷ್ಟು ಅವಸರ ಇತ್ತಾ ನಿಮ್ಗೆ?” ಎಂದು ಬಿದ್ದು ಬಿದ್ದು ನಕ್ಕರು. ಮೊಳೆ ಮಾವ ನಾಚಿಕೊಂಡು ಇಸವಿಯನ್ನು ಕೆರೆದು ತೆಗೆಯುತ್ತೇನೆ ಎಂದರು. “ಬೇಡ ಬಿಡಿ, ಕೆರೆದ್ರೆ ಮರ ತೆಳ್ಳಗಾಗುತ್ತೆ,” ಎಂದರು ಮೇಷ್ಟ್ರು. ಬರಹವನ್ನು ಕೆಳಮುಖ ಮಾಡಿ ಹಲಗೆಯನ್ನು ಇದ್ದಲ್ಲಿಗೇ ಜೋಡಿಸಿದೆವು. ಅದರ ಮೇಲೆ ಕೂರಲು ನನಗಂತೂ ಇಷ್ಟವಾಗುತ್ತಿರಲಿಲ್ಲ. ಕೂತರೆ ಕೆಳಗಿನ ಆ ಎರಡನೇ ಇಸವಿ ನೆನಪಾಗುತ್ತಿತ್ತು.

ಆಮೇಲೆ ತಾವು ಮಾಡಿದ್ದನ್ನು ನಾನು ತಮಗೆ ಹೇಳಬೇಕಾಗಿಲ್ಲ. ಆದರೆ ತಮ್ಮ ನೆನಪಿನ ಶಕ್ತಿ ಆಯ್ದ ವಿಷಯಗಳಿಗೆ ಮಾತ್ರ ಕೆಲಸ ಮಾಡುವುದರಿಂದ ಹೇಳುತ್ತೇನೆ. ಮೊದಲು ಬಸ್ ನಿಲ್ದಾಣದ ಎದುರು ಮೇಷ್ಟ್ರ ಮುಖ, ಅದರ ಕೆಳಗೆ ‘ನಿಷ್ಠೆ’ ಎಂಬ ಒಂದೇ ಪದ, ಅದರ ಕೆಳಗೆ ‘ವರ್ಷದ ಟಿಕೆಟ್ ಇಂದೇ ಕಾಯ್ದಿರಿಸಿ’ ಎಂದು ದೊಡ್ಡದೊಂದು ಫಲಕ ಎದ್ದಿತು. ಟಿಕೆಟ್‌ಗಳೆಲ್ಲ ಖರ್ಚಾದವು. ಖರ್ಚಾದ ಮೇಲೆ ನಮ್ಮ ಸ್ಟ್ರೈಕರನ್ನು ಮಾರಿದಿರಿ. ಅದು ಅನಿವಾರ್ಯವಾಗಿತ್ತು ಎಂದಿರಿ. ನಂತರ ಗೋಲ್‌ಕೀಪರನ್ನು ಮಾರಿದಿರಿ. ಅದು ಅವನ ಒಳ್ಳೆಯದಕ್ಕೆ ಎಂದಿರಿ. ನಡುಮೈದಾನದ ಆ ಕುಳ್ಳ ಹುಡುಗನನ್ನು ಮಾರಿದಾಗ ಏನನ್ನೂ ಹೇಳುವ ತೊಂದರೆ ತೆಗೆದುಕೊಳ್ಳಲಿಲ್ಲ. ಮೇಷ್ಟ್ರು ಇದ್ದಾರಲ್ಲ! ಅವರು ಇರುವವರೆಗೂ ಜನ ಬರುತ್ತಾರೆ, ಜನ ಬರುವವರೆಗೂ ತಾವು ಮಾರಬಹುದು. ಒಬ್ಬ ಮನುಷ್ಯನ ಒಳ್ಳೆಯತನವನ್ನು ಅಂಗಡಿಯ ಮುಂದಿನ ಬೋರ್ಡು ಮಾಡಿಕೊಂಡು ಹಿಂಬಾಗಿಲಿನಿಂದ ಸಾಮಾನು ಸಾಗಿಸುವುದಕ್ಕೆ ತಮ್ಮ ಭಾಷೆಯಲ್ಲಿ ಏನನ್ನುತ್ತಾರೆ? ಆಡಳಿತ ಎನ್ನುತ್ತಾರೋ ಏನೋ.

ತಂಡ ಸೋಲತೊಡಗಿತು. ಸೋಲದೆ ಇನ್ನೇನು? ಮೈದಾನದ ಅಂಚಿನಲ್ಲಿ ಮೇಷ್ಟ್ರೂ ಬದಲಿ ಆಟಗಾರರೂ ಕೂರುವ ಬೆಂಚು ಇದೆಯಲ್ಲ, ಅದು ಈ ಋತುವಿನ ಶುರುವಿನಲ್ಲಿ ಮುರಿಯಿತು. ಎರಡು ಕಬ್ಬಿಣದ ಕಾಲುಗಳು ಮಾತ್ರ ನಿಂತಿವೆ. ರಿಪೇರಿ ಮಾಡಿಸಿಕೊಡಿ ಎಂದು ಮೇಷ್ಟ್ರು ಕೇಳಿದ್ದು ನನಗೆ ಗೊತ್ತು, ‘ನೋಡೋಣ’ ಎಂದು ತಮ್ಮವರು ಹೇಳಿದ್ದೂ ಗೊತ್ತು. ಬದಲಿ ಆಟಗಾರರು ನೀರಿನ ಬಾಟಲಿಯ ಪ್ಲಾಸ್ಟಿಕ್ ಕ್ರೇಟುಗಳನ್ನು ಬೋರಲು ಹಾಕಿ ಕೂರುತ್ತಿದ್ದರು. ಕ್ರೇಟು ಸಾಲದೆ ಮೇಷ್ಟ್ರು ಪಂದ್ಯ ಮುಗಿಯುವವರೆಗೆ ನಿಂತೇ ಇರುತ್ತಿದ್ದರು. ಅದನ್ನು ನೋಡಿ ಟಿವಿಯ ಪಂಡಿತರೊಬ್ಬರು, ನೋಡಿ, ಇವರ ಹುಮ್ಮಸ್ಸು ಎಂಥದ್ದು, ಒಂದು ನಿಮಿಷ ಕೂರುವುದಿಲ್ಲ ಎಂದು ಹೊಗಳಿದರು. ನಮಗೆ ಅತ್ತ ಕೂಗಿ ಹೇಳುವ ಆಸೆ: ಸ್ವಾಮೀ, ಅವರಿಗೆ ಕೂರಲು ಜಾಗ ಇಲ್ಲ!

ಈಗ ಜನರ ವಿಷಯಕ್ಕೆ ಬರೋಣ. ಗೇಟಿನ ಹತ್ತಿರ ಅತ್ತು ಹಾಡಿದವರಲ್ಲೇ ಅರ್ಧ ಮಂದಿ ಇವತ್ತು ‘ತೊಲಗು’ ಎನ್ನುತ್ತಿದ್ದಾರೆ. ಬೈಯಲು ಒಂದು ಮುಖ ಬೇಕು, ಬಸ್ ನಿಲ್ದಾಣದ ಎದುರು ಇಷ್ಟು ದೊಡ್ಡ ಮುಖ ತಾವೇ ಹಾಕಿಸಿಕೊಟ್ಟಿದ್ದೀರಿ. ಆ ಮುಖಕ್ಕೆ ಯಾರೋ ಕೆಸರು ಎರಚಿದ್ದಾರೆ. ಟೈರ್ ಅಂಗಡಿಯ ಮೆಟ್ಟಿಲಿನ ಮೇಲೆ ಏನೇನೋ ಬರೆದಿದ್ದಾರೆ. ಅದನ್ನು ಬೆಳಿಗ್ಗೆ ಮೇಷ್ಟ್ರೇ ಬಕೀಟು ಹಿಡಿದು ತೊಳೆಯುತ್ತಿದ್ದುದನ್ನು ನನ್ನ ಸ್ಕೂಲಿನ ಬಾಗಿಲಲ್ಲಿ ನಿಂತು ನೋಡಿದೆ. ತಾವು ಎಲ್ಲಿದ್ದಿರಿ? ಗಾಜಿನ ಕೋಣೆಯಲ್ಲಿ. ನನ್ನ ತರಬೇತಿ ಕಾರಿನಲ್ಲಿ ಬ್ರೇಕು ಎರಡಿರುತ್ತವೆ, ಕಲಿಯುವವರ ಕಾಲಡಿ ಒಂದು, ಕಲಿಸುವವರ ಕಾಲಡಿ ಒಂದು. ತಪ್ಪಾದರೆ ಇಬ್ಬರಿಗೂ ಪಾಲು. ತಮ್ಮ ಕ್ಲಬ್ಬಿನ ಕಾರು ಬೇರೆ ತರಹದ್ದು. ಸ್ಟಿಯರಿಂಗು ತಮ್ಮ ಕೈಯಲ್ಲಿ, ಬ್ರೇಕೂ ತಮ್ಮ ಕಾಲಡಿ, ಗುದ್ದಿದಾಗ ಮಾತ್ರ ಪೊಲೀಸರ ಮುಂದೆ ಮೇಷ್ಟ್ರು ನಿಲ್ಲಬೇಕು.

ಹಾಗಾದರೆ ಅವರೇ ರಾಜೀನಾಮೆ ಕೊಟ್ಟು ಹೋಗಬಹುದಲ್ಲ ಎಂದು ತಾವು ಕೇಳುತ್ತೀರಿ. ನಾನೂ ಕೇಳಿದೆ. ಅವರು ಈಗಲೂ ಕ್ಲಾಸಿಗೆ ಬರುತ್ತಾರೆ. ಹೆಂಡತಿಯ ಊರು ಇದ್ದಲ್ಲೇ ಇದೆ, ಹೋಗಿಬರಲು ಕಾರು ಬೇಕೇ ಬೇಕು. ಕಳೆದ ತಿಂಗಳು ಖಾಲಿ ರಸ್ತೆಯಲ್ಲಿ ಕಾರು ನಿಲ್ಲಿಸಲು ಹೇಳಿದೆ.

“ಮೇಷ್ಟ್ರೇ, ಮನೆಯವ್ರು ಏನಂತಾರೆ?”

“ಅವಳೇನೂ ಅನ್ನಲ್ಲ. ಇಲ್ಲೇ ಇರ್ತೀನಿ ಅಂದಾಗ ‘ಸರಿ’ ಅಂದ್ಳು. ಅಷ್ಟೇ. ಜಗಳ ಆಡಿದ್ರೆ ಚೆನ್ನಾಗಿರ್ತಿತ್ತು.”

“ಬಿಟ್ಟು ಹೋಗ್ಬಿಡಿ. ಯಾರ ತಲೆನೂ ನೀವು ಕಾಯ್ಬೇಕಾಗಿಲ್ಲ.”

“ಉಳಿದಿರೋ ಆಟಗಾರರನ್ನ ಯಾರ ಕೈಗೆ ಕೊಟ್ಟು ಹೋಗ್ಲಿ? ಅಧ್ಯಕ್ಷರ ಕೈಗಾ? ಮತ್ತೆ ನಾನು ಮಾತು ಬೇರೆ ಕೊಟ್ಟಿದ್ದೀನಿ.”

“ಅಧ್ಯಕ್ಷರೇ ಅವರ ಮಾತು ಉಳಿಸ್ಕೊಂಡಿಲ್ಲ, ನೀವು ಅವ್ರಿಗೆ ಕೊಟ್ಟ ಮಾತಿಗೆ ಏನು ಬೆಲೆ?”

“ಅವ್ರಿಗಲ್ಲ ಮೇಡಂ,” ಎಂದರು ಅವರು, ಕನ್ನಡಿಯನ್ನು ಸುಮ್ಮನೆ ಸರಿ ಮಾಡುತ್ತಾ. “ನಿಮ್ಮ ಅತ್ತೆಗೆ.”

ಮನೆಗೆ ಬಂದು ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೇಳಬಾರದಿತ್ತೇನೋ. ಅವರು ಕೈಯಲ್ಲಿದ್ದ ಡಬ್ಬಿಯನ್ನು ಮಾವನ ಹಲಗೆಯ ಮೇಲೆ ಇಟ್ಟು, ಅದರ ಮೇಲೆಯೇ ಕೈಯೂರಿಕೊಂಡು ಬಹಳ ಹೊತ್ತು ನಿಂತರು. ಊಟ ಮಾಡಲಿಲ್ಲ. ನನಗೆ ಬೈಯಲೂ ಇಲ್ಲ, ಅದಕ್ಕೇ ಹೆದರಿಕೆಯಾಯಿತು. ಮಾರನೆಯ ದಿನ ನನ್ನನ್ನು ಕರೆದುಕೊಂಡು ಮೊಳೆ ಮಾವನ ಮನೆಗೆ ಹೋದರು.

“ಮೇಷ್ಟ್ರ ಹಲಗೆ ಬಿಚ್ಚಪ್ಪ.”

“ಅವ್ರು ಹೋಗಿಲ್ವಲ್ಲಕ್ಕಾ ಇನ್ನೂ.”

“ಹೋಗಲ್ಲ ಅಂತ ಗೊತ್ತಾಗಿದೆ, ಅದಕ್ಕೇ ಬಿಚ್ಚು ಅಂತಿರೋದು. ಕೈ ಹಿಡಿದು ನಿಲ್ಲಿಸಿದವಳು ನಾನು. ನಾನೇ ಕಳಿಸ್ತೀನಿ. ಹಲಗೆ ಕೈಗೆ ಬಿತ್ತು ಅಂದ್ರೆ ಋಣ ತೀರ್ತು. ಆಮೇಲೆ ಅವ್ರು ನನಗೆ ಕೊಟ್ಟ ಮಾತು ಇರಲ್ಲ.”

ಎರಡನೇ ಇಸವಿ ಹಳತಾಗಿತ್ತು. ಮೊಳೆ ಮಾವ ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಈ ವರ್ಷದ ಇಸವಿ ಬರೆದರು. ಮರ ತೆಳ್ಳಗಾಗಬಾರದಲ್ಲ, ಕೆರೆಯಲಿಲ್ಲ.

ಇಡೀ ಪೂರ್ವ ಗ್ಯಾಲರಿಗೆ ವಿಷಯ ತಿಳಿಸಿದೆವು. ಸಂಜೆಯ ಮೇಲೆ ಸಂಜೆ ನನ್ನ ಸ್ಕೂಲಿನ ಪುಟ್ಟ ಕೋಣೆಯಲ್ಲಿ, ರಸ್ತೆ ಚಿಹ್ನೆಗಳ ಪಟದ ಕೆಳಗೆ ಕೂತು ಮಾತಾಡಿದೆವು. ಹಲಗೆ ತೆಗೆದುಕೊಂಡ ಮೇಲೆ ಇಲ್ಲಿ ಉಳಿದವರು ಯಾರೂ ಇಲ್ಲ. ಮೇಷ್ಟ್ರಿಗೂ ಈ ನಿಯಮ ಗೊತ್ತು. ಅವರು ನಿಯಮ ಮೀರುವ ಮನುಷ್ಯನಲ್ಲ. ಎಲ್ಲ ಕಡೆಯಿಂದಲೂ ಯೋಚಿಸಿದೆವು, ಎಲ್ಲಿಯೂ ತೂತು ಕಾಣಲಿಲ್ಲ. ಆ ದೊಡ್ಡ ಕ್ಲಬ್ಬು ಇಷ್ಟರಲ್ಲಿ ಬೇರೆಯವರನ್ನು ನೇಮಿಸಿಕೊಂಡಾಗಿತ್ತು, ಆ ಕೆಲಸ ಇನ್ನು ಸಿಗುವುದಿಲ್ಲ. ಸಿಗದಿದ್ದರೆ ಬೇಡ, ಮನೆಯಾದರೂ ಇದೆಯಲ್ಲ ಎಂದುಕೊಂಡೆವು.

ಕಳೆದ ಶನಿವಾರ ತಾವು ಗಾಜಿನ ಕೋಣೆಯಲ್ಲಿ ಅತಿಥಿಗಳೊಂದಿಗೆ ಮಾತಾಡುತ್ತಿದ್ದುದರಿಂದ ಕೆಳಗೆ ನಡೆದದ್ದನ್ನು ನೋಡಿರಲಾರಿರಿ. ಪಂದ್ಯ ಶುರುವಾಗುವ ಮುಂಚೆ ನಮ್ಮ ಗ್ಯಾಲರಿ ಎದ್ದು ನಿಂತಿತು. ಯಾರೂ ಹಾಡಲಿಲ್ಲ. ಅತ್ತೆ ಮುಂದೆ, ಹಲಗೆಯ ಒಂದು ತುದಿ ಹಿಡಿದು ನಾನು, ಇನ್ನೊಂದು ತುದಿ ಹಿಡಿದು ಮೊಳೆ ಮಾವ, ಮೆಟ್ಟಿಲಿಳಿದು ಮೈದಾನದ ಅಂಚಿಗೆ ಹೋದೆವು. ಕಾವಲಿನವನು ತಡೆಯಲು ಬಂದು, ಅತ್ತೆಯ ಮುಖ ನೋಡಿ ಪಕ್ಕಕ್ಕೆ ಸರಿದ. ಮೇಷ್ಟ್ರು ನಮ್ಮನ್ನು ನೋಡಿದರು, ಹಲಗೆ ನೋಡಿದರು. ಅವರಿಗೆ ಅರ್ಥವಾಯಿತು.

“ತಗೊಳ್ಳಿ ಮೇಷ್ಟ್ರೇ,” ಎಂದರು ಅತ್ತೆ. “ನಾನು ಅವತ್ತು ಕೇಳಿದ್ದನ್ನ ವಾಪಸ್ ತಗೊಂಡಿದ್ದೀನಿ. ಹೋಗ್ರಪ್ಪಾ, ಮನೆ ಸೇರ್ಕೊಳ್ಳಿ. ನಿಮ್ಮ ಹೆಂಡ್ತಿಗೆ ಹೇಳಿ, ಮುದುಕಿ ತಪ್ಪಾಯ್ತು ಅಂದ್ಲು ಅಂತ.”

ಅವರು ಎರಡೂ ಕೈ ಚಾಚಿ ಹಲಗೆ ತೆಗೆದುಕೊಂಡರು. ತೆಗೆದುಕೊಂಡರು ಅಧ್ಯಕ್ಷರೇ! ಹಿಂದೆ ಇಡೀ ಗ್ಯಾಲರಿ ಒಮ್ಮೆಲೇ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮೊಳೆ ಮಾವ ಕಣ್ಣೊರೆಸಿಕೊಂಡರು. ಮೇಷ್ಟ್ರು ಹಲಗೆಯ ನಯವನ್ನು ಅಂಗೈಯಲ್ಲಿ ಸವರಿದರು, ಇಸವಿಗಳನ್ನು ಓದಿದರು, ಗೆರೆ ಎಳೆದದ್ದನ್ನು ನೋಡಿ ಸ್ವಲ್ಪ ನಕ್ಕರು. “ಒಳ್ಳೆ ಮರ,” ಎಂದರು. “ತುಂಬಾ ಉಪಕಾರ ಆಯ್ತು ಅಮ್ಮಾ.” ಅತ್ತೆಗೆ ತಲೆ ಬಾಗಿಸಿದರು. ಆಮೇಲೆ ತಿರುಗಿ ನಾಲ್ಕು ಹೆಜ್ಜೆ ನಡೆದು, ಮುರಿದ ಬೆಂಚಿನ ಆ ಎರಡು ಕಬ್ಬಿಣದ ಕಾಲುಗಳ ಮೇಲೆ ಹಲಗೆಯನ್ನು ಅಡ್ಡ ಇಟ್ಟರು. ಅಲುಗಾಡಿಸಿ ನೋಡಿದರು. ಕ್ರೇಟುಗಳ ಮೇಲೆ ಕೂತಿದ್ದ ಬದಲಿ ಆಟಗಾರರನ್ನು ಕರೆದು, ಒಬ್ಬೊಬ್ಬರನ್ನೇ ಅದರ ಮೇಲೆ ಕೂರಿಸಿದರು. ಕೊನೆಯಲ್ಲಿ ಒಂದು ಗೇಣು ಜಾಗ ಉಳಿದಿತ್ತು. ಅಲ್ಲಿ ಮೇಷ್ಟ್ರು ಕೂತರು. ರೆಫ್ರಿ ಸೀಟಿ ಊದಿದರು.

ಅತ್ತೆ ಮರಳಿ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಸುಧಾರಿಸಿಕೊಂಡರು. “ಎಂಥ ಕೆಲಸ ಮಾಡಿದ್ವೇ ನಾವು,” ಎಂದರು. “ಬೆಂಚಿಲ್ಲದವನಿಗೆ ಹೋಗಿ ಹೋಗಿ ಹಲಗೆ ಕೊಟ್ವಲ್ಲೇ.” ಪಂದ್ಯ ಸೋತೆವು. ಅದು ಸುದ್ದಿಯೇ ಅಲ್ಲ. ನಮ್ಮ ಸಾಲಿನಲ್ಲಿ ಈಗ ಒಂದು ಹಲಗೆ ಕಮ್ಮಿ, ಮನುಷ್ಯ ಮಾತ್ರ ಇದ್ದಲ್ಲೇ ಇದ್ದಾರೆ. ನಮ್ಮ ಕೈಯಲ್ಲಿದ್ದ ಕೊನೆಯ ಉಪಾಯವೂ ಮುಗಿಯಿತು. ಅವರಾಗಿ ಹೋಗುವುದಿಲ್ಲ, ನಾವು ಕಳಿಸಿದರೂ ಹೋಗುವುದಿಲ್ಲ. ಅವರನ್ನು ಬಿಡಿಸಬಲ್ಲವರು ಈ ಲೋಕದಲ್ಲಿ ತಾವೊಬ್ಬರೇ. ಅದಕ್ಕೇ ಕೈ ಮುಗಿದು ಕೇಳುತ್ತಿದ್ದೇನೆ: ಅವರನ್ನು ವಜಾ ಮಾಡಿ. ಅವಮಾನ ಮಾಡಿಯೇ ಕಳಿಸಿ, ಪರವಾಗಿಲ್ಲ. ಅವಮಾನವನ್ನು ಅವರ ಹೆಂಡತಿ ಒಂದು ವಾರದಲ್ಲಿ ಮರೆಸುತ್ತಾರೆ.

ತಾವು ಮಾಡುವುದಿಲ್ಲ ಎಂಬುದೂ ನನಗೆ ಗೊತ್ತು. ಅವರು ಹೋದರೆ ಕೆಸರಿಗೆ ತಮ್ಮ ಮುಖವೊಂದೇ ಉಳಿಯುತ್ತದೆ. ಹೀಗಾಗಿ ನನ್ನ ಬೇಡಿಕೆಯನ್ನು ನಾನೇ ಇಳಿಸಿಕೊಳ್ಳುತ್ತೇನೆ. ಈ ಕ್ಲಬ್ಬಿನ ಅಭಿಮಾನಿಗೆ ಅದು ಅಭ್ಯಾಸವಾಗಿದೆ. ಆ ಬೆಂಚನ್ನಾದರೂ ರಿಪೇರಿ ಮಾಡಿಸಿ. ಹೊಸ ಹಲಗೆ ಬಂದರೆ ನಾವು ಕೊಟ್ಟ ಹಲಗೆಯನ್ನು ಮೇಷ್ಟ್ರು ಎತ್ತಿಕೊಂಡು ಹೋಗಲೇಬೇಕಾಗುತ್ತದೆ, ಹೆಂಡತಿಯ ಊರಿನ ಮನೆಯಲ್ಲಿ ಒಂದು ಗೋಡೆಗೆ ಜೋಡಿಸಿ ಬರಬೇಕಾಗುತ್ತದೆ. ಬಸ್ಸಿನಲ್ಲಿ ಅಷ್ಟು ಉದ್ದದ ಹಲಗೆ ಹತ್ತಿಸುವುದಿಲ್ಲ, ಅವರಿಗೆ ಲೈಸೆನ್ಸ್ ಇನ್ನೂ ಸಿಕ್ಕಿಲ್ಲ. ನನ್ನ ಕಾರಿನ ತಲೆಯ ಮೇಲಿನ ಬೋರ್ಡು ಬಿಚ್ಚಿ ಹಲಗೆ ಕಟ್ಟಿ ನಾನೇ ಕರೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ಯಾರಿಗೂ ದಾರಿ ಬಿಡುವುದಿಲ್ಲ.

ಇಂತಿ,
ತಮ್ಮಿಂದ ಏನನ್ನೂ ನಿರೀಕ್ಷಿಸದ, ಆದರೂ ಮುಂದಿನ ಶನಿವಾರ ಟಿಕೆಟ್ ಕೊಂಡು ಬಂದು, ಪೂರ್ವ ಗ್ಯಾಲರಿಯಲ್ಲಿ ಅತ್ತೆಯ ಪಕ್ಕ ಒತ್ತಿಕೊಂಡು ಕೂರಲಿರುವ
ಒಬ್ಬ ಡ್ರೈವಿಂಗ್ ಟೀಚರು